ಪಕ್ಕೆಯೊಳಗಿನ ‘ಟಿಂಗ್’: ಹಸುವಿನ ಹೊಟ್ಟೆ ತಿರುಚಿಕೊಂಡಾಗ

ಗೆಳೆಯರೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಹಾಸ್ಟೆಲ್‌ನಲ್ಲಿ 20 ಲೀಟರ್ ನೀರಿನ ಕ್ಯಾನ್ ಇರುತ್ತಲ್ಲ, ಅದು ಅರ್ಧ ಖಾಲಿಯಾದಾಗ ಮೇಲಿಂದ ಕೆಳಗಿನವರೆಗೆ ಬೆರಳಿನಿಂದ ತಟ್ಟುತ್ತಾ ಬನ್ನಿ. ಮೇಲೆ ಟೊಳ್ಳು ಸದ್ದು, ಒಂದು ಕಡೆ ಬಂದ ತಕ್ಷಣ ಸದ್ದು ಮಂಕು. ನೀರು ಎಲ್ಲಿವರೆಗಿದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಈ ವಿದ್ಯೆ ಇಷ್ಟೇ ಗೊತ್ತಿದ್ದ ನಮಗೆ, ಅದರಿಂದ ಒಂದು ಹಸುವಿನ ಪ್ರಾಣ ಉಳಿಸಬಹುದು ಅಂತ ಗೊತ್ತಾಗಿದ್ದು ಈ ಸಲದ ರಜೆಯಲ್ಲಿ.

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವು ನಾಲ್ಕು ಜನ ಶ್ರೀನಿವಾಸಪುರ ತಾಲ್ಲೂಕಿನಲ್ಲಿರುವ ಗೆಳೆಯನ ಊರಿಗೆ ಹೋಗಿದ್ದೆವು, ಮಾವಿನಹಣ್ಣಿನ ಆಸೆಗೆ. ಹೋದಾಗ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇಲ್ಲ. ಕರು ಹಾಕಿ ಹದಿನಾರು ದಿನವಾಗಿದ್ದ ಸೀಮೆಹಸು ಗೌರಿ, ಹೊತ್ತಿಗೆ ಒಂಬತ್ತು ಲೀಟರ್ ಕೊಡ್ತಿದ್ದವಳು, ನಾಲ್ಕಕ್ಕೆ ಇಳಿದಿದ್ದಳು. ಸಂಘದ ಸಾಲದಲ್ಲಿ ತಂದ ಹಸು. ನಮ್ಮ ಗೆಳೆಯನ ಮೆಸ್ ಬಿಲ್ ಕಟ್ಟೋದು ಡೈರಿ ಬಟವಾಡೆಯಿಂದಲೇ, ಅದನ್ನ ಅವನು ಯಾವತ್ತೂ ನಮ್ಮ ಹತ್ರ ಹೇಳಿರಲಿಲ್ಲ.

ಡಾಕ್ಟರು ಬಂದರು. ಅವನ ಅಮ್ಮ ಹೇಳಿದ್ದು ಇಷ್ಟು: “ಹಿಂಡಿ, ಬೂಸಾ ಮೂತಿ ಹತ್ರ ಇಟ್ರೂ ಮುಖ ತಿರುಗಿಸ್ತೈತೆ ಸಾರ್. ರಾಗಿಹುಲ್ಲು ಮಾತ್ರ ಎರಡು ಬಾಯಿ ತಿಂತೈತೆ. ಸಗಣಿ ಕಮ್ಮಿ. ಜ್ವರ ಇಲ್ಲ.” ಡಾಕ್ಟರು ತಲೆಯಾಡಿಸಿ, ಹಸುವಿನ ಎಡಪಕ್ಕೆಗೆ ಸ್ಟೆತಸ್ಕೋಪ್ ಇಟ್ಟು, ಕೇರಂ ಸ್ಟ್ರೈಕರ್ ಹೊಡೆಯೋ ಥರ ಪಕ್ಕೆಲುಬಿನ ಮೇಲೆ ಬೆರಳು ಚಿಮ್ಮಿದರು. ಸ್ವಲ್ಪ ಸರಿದು ಮತ್ತೊಮ್ಮೆ. ಮೂರನೇ ಸಲಕ್ಕೆ ಕೈ ನಿಲ್ಲಿಸಿ ನಮ್ಮನ್ನು ಕರೆದರು. “ಇಂಜಿನಿಯರ್‌ಗಳು ಬನ್ರಪ್ಪ, ಕೇಳಿ.”

ಕೇಳಿದೆವು. ಖಾಲಿ ಸ್ಟೀಲ್ ಬಿಂದಿಗೆಗೆ ಉಗುರು ತಾಗಿಸಿದ ಹಾಗೆ ‘ಟಿಂಗ್’. ಒಂದು ಗೇಣು ಹಿಂದಕ್ಕೆ ಹೋದರೆ ಬರೀ ‘ದಪ್’.

ವೈದ್ಯರ ಭಾಷೆಯಲ್ಲಿ ಇದರ ಹೆಸರು ‘ಪಿಂಗ್’. ಕಾಯಿಲೆಯ ಹೆಸರು ಅಬೊಮೇಸಮ್ ಸ್ಥಾನಪಲ್ಲಟ. ಇಂಗ್ಲಿಷ್ ಮಾತಾಡುವ ರೈತರು ಸಲೀಸಾಗಿ ‘ಟ್ವಿಸ್ಟೆಡ್ ಸ್ಟಮಕ್’ ಅಂತಾರೆ. ನಾವು ತಿರುಚಿದ ಹೊಟ್ಟೆ ಅನ್ನೋಣ, ಆದರೆ ಎಲ್ಲ ಸಲವೂ ಅದು ನಿಜವಾಗಿ ತಿರುಚಿರಲ್ಲ. ಆ ವ್ಯತ್ಯಾಸದ ಮೇಲೇ ಹಸುವಿನ ಜೀವ ನಿಂತಿರುತ್ತೆ.

ಹಸುವಿಗೆ ನಾಲ್ಕು ಹೊಟ್ಟೆ ಅಂತ ಪ್ರೈಮರಿಯಲ್ಲೇ ಓದಿದ್ದೇವೆ. ಎಡಗಡೆ ಪೂರ್ತಿ ಹರಡಿಕೊಂಡಿರುವುದು ರೂಮೆನ್, ನೂರು ಲೀಟರಿಗೂ ಹೆಚ್ಚು ಹಿಡಿಯುವ ಹುದುಗು ತೊಟ್ಟಿ. ಗೋಬರ್ ಗ್ಯಾಸ್ ಡೈಜೆಸ್ಟರ್ ಅಂದುಕೊಂಡರೂ ನಡೆಯುತ್ತೆ. ಅದರ ಮುಂದೆ ಜೇನುಗೂಡಿನಂಥ ರೆಟಿಕ್ಯುಲಮ್, ಆಮೇಲೆ ಪುಸ್ತಕದ ಹಾಳೆಗಳಂಥ ಓಮೇಸಮ್. ನಾಲ್ಕನೆಯದು ಅಬೊಮೇಸಮ್. ನಮ್ಮ ಜಠರದ ಹಾಗೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಸುವುದು ಇದೊಂದೇ. ಇದರ ಜಾಗ ಹೊಟ್ಟೆಯ ತಳದಲ್ಲಿ, ನಡುಗೆರೆಯಿಂದ ಸ್ವಲ್ಪ ಬಲಕ್ಕೆ. ಇದನ್ನು ಬೋಲ್ಟ್ ಹಾಕಿ ಬಿಗಿದಿಲ್ಲ. ಒಮೆಂಟಮ್ ಎಂಬ ಕೊಬ್ಬಿನ ಪರದೆಗೆ ಅಂಟಿಕೊಂಡು ಜೋಲಿಯಲ್ಲಿ ಮಲಗಿದ ಮಗುವಿನ ಹಾಗೆ ಸಡಿಲವಾಗಿ ಇರುತ್ತೆ. ತುಂಬಿದರೆ ಹಿಗ್ಗಬೇಕು, ಖಾಲಿಯಾದರೆ ಕುಗ್ಗಬೇಕು, ಅದಕ್ಕೆ ಈ ಸಡಿಲ ಬೇಕು. ಅದೇ ಸಡಿಲ ಮುಂದೆ ತೊಂದರೆಗೂ ದಾರಿ.

ಕರು ಹಾಕಿದ ದಿನ ಹಸುವಿನ ಹೊಟ್ಟೆಯೊಳಗೆ ಏನೇನಾಗುತ್ತೆ ನೋಡಿ. ಕರು, ಅದರ ನೀರು, ಕಸ ಎಲ್ಲ ಹೊರಬಿದ್ದು ಒಂದು ದೊಡ್ಡ ಜಾಗ ಒಮ್ಮೆಲೇ ಖಾಲಿ. ಆ ಹೊತ್ತಿನಲ್ಲಿ ಹಸು ಮೇವು ತಿನ್ನೋದೂ ಕಮ್ಮಿ, ಹಾಗಾಗಿ ರೂಮೆನ್ ಕೂಡ ಪೂರ್ತಿ ತುಂಬಿರಲ್ಲ. ಹಾಲಿಗಾಗಿ ರಕ್ತದ ಕ್ಯಾಲ್ಸಿಯಂ ಹರಿದುಹೋಗುತ್ತೆ. ಕ್ಯಾಲ್ಸಿಯಂ ಇಲ್ಲದೆ ಹೊಟ್ಟೆಯ ಸ್ನಾಯು ಬಲವಾಗಿ ಹಿಂಡಲಾರದು. ಇಷ್ಟರ ಮೇಲೆ ನಾವು “ಬಾಣಂತಿ ಹಸು, ಚೆನ್ನಾಗಿ ತಿನ್ಲಿ, ಹಾಲು ಜಾಸ್ತಿ ಬರ್ಲಿ” ಅಂತ ಒಮ್ಮೆಗೇ ಹಿಂಡಿ, ಫೀಡು ಏರಿಸ್ತೀವಿ. ಹಿಟ್ಟಿನಂಶ ಹುದುಗಿ ಬರುವ ಆಮ್ಲಗಳೂ ಅನಿಲವೂ ನಾಲ್ಕನೇ ಹೊಟ್ಟೆಗೆ ಇಳಿದು, ಮೊದಲೇ ಸೋಮಾರಿಯಾಗಿದ್ದ ಅದು ಇನ್ನಷ್ಟು ಸೋಮಾರಿಯಾಗುತ್ತೆ. ಅನಿಲ ಹೊರಹೋಗಲ್ಲ, ಸೇರಿಕೊಳ್ಳುತ್ತೆ.

ಮುಂದಿನದು ಆರ್ಕಿಮಿಡೀಸ್ ಕೆಲಸ. ಸುತ್ತಲಿನ ಅಂಗಗಳೆಲ್ಲ ಹೆಚ್ಚುಕಮ್ಮಿ ನೀರಿನ ಸಾಂದ್ರತೆಯವು, ನಡುವೆ ಒಂದು ಬಲೂನು. ಬಲೂನು ತೇಲಲೇಬೇಕು. ಹೆಚ್ಚಿನ ಸಲ ಅದು ರೂಮೆನ್‌ನ ಅಡಿಯಿಂದ ನುಸುಳಿ ಎಡಕ್ಕೆ ಹೋಗಿ, ರೂಮೆನ್‌ಗೂ ಎಡಪಕ್ಕೆಗೂ ನಡುವೆ ಮೇಲೇರಿ ಸಿಕ್ಕಿಹಾಕಿಕೊಳ್ಳುತ್ತೆ. ಹತ್ತು ಹಸುವಿಗೆ ಹೀಗಾದರೆ ಎಂಟು ಒಂಬತ್ತರಲ್ಲಿ ಎಡಕ್ಕೇ ಆಗುತ್ತೆ, ಅದೂ ಬಹುಪಾಲು ಕರು ಹಾಕಿದ ಮೊದಲ ತಿಂಗಳಲ್ಲಿ. ಹೆಚ್ಚು ಹಾಲು ಕೊಡುವ ಎಚ್‌ಎಫ್ ತಳಿ ಮತ್ತು ಅದರ ಮಿಶ್ರತಳಿಗಳದ್ದೇ ಈ ಕಾಯಿಲೆ. ನಾಟಿ ಹಸುವಿನಲ್ಲಿ ತೀರಾ ಅಪರೂಪ.

ಎಡಕ್ಕೆ ಹೋದ ಹೊಟ್ಟೆಯ ದಾರಿ ಪೂರ್ತಿ ಮುಚ್ಚಿರಲ್ಲ, ಪೈಪು ಮಡಚಿದ ಹಾಗೆ ಅಷ್ಟಿಷ್ಟು ಹರಿಯುತ್ತಿರುತ್ತೆ. ಹಾಗಾಗಿ ಹಸು ತಕ್ಷಣ ಬೀಳಲ್ಲ. ಹಿಂಡಿ ಬಿಡುತ್ತೆ, ಹುಲ್ಲು ಮೆಲ್ಲಗೆ ತಿನ್ನುತ್ತೆ, ಹಾಲು ಇಳಿಯುತ್ತೆ, ಮೈಯ ಕೊಬ್ಬು ಕರಗಿ ಕೀಟೋಸಿಸ್ ಬರುತ್ತೆ. ಉಸಿರಲ್ಲಿ ಒಂಥರಾ ಸಿಹಿ ವಾಸನೆ, ಮೂತ್ರದಲ್ಲಿ ಕೀಟೋನ್. ಎಷ್ಟೋ ಸಲ ಬರೀ ಕೀಟೋಸಿಸ್ ಅಂದುಕೊಂಡು ಗ್ಲೂಕೋಸ್ ಹಾಕಿಸಿ, ಎರಡು ದಿನ ಚೇತರಿಸಿಕೊಂಡು, ಮತ್ತೆ ಹಿಂಡಿ ಬಿಟ್ಟಾಗಲೇ ಅನುಮಾನ ಬರೋದು.

ಈಗ ಆ ಸದ್ದಿನ ವಿಷಯ, ನಮಗೆ ತುಂಬಾ ಹಿಡಿಸಿದ ಭಾಗ ಇದೇ. ಬೆರಳಿನ ಚಿಮ್ಮು ಅಂದರೆ ಒಂದು ಇಂಪಲ್ಸ್. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ನೆನಪಿರಬೇಕು, ಇಂಪಲ್ಸ್‌ನಲ್ಲಿ ಎಲ್ಲ ಆವರ್ತನಗಳೂ ಇರುತ್ತವೆ. ಒಳಗಿರುವ ವಸ್ತು ತನಗೆ ಬೇಕಾದ್ದನ್ನು ಆರಿಸಿಕೊಂಡು ಅನುರಣಿಸುತ್ತೆ. ಪಕ್ಕೆಗೆ ಒತ್ತಿಕೊಂಡಿರುವುದು ಮಾಂಸ, ಮೇವು, ನೀರು ಆದರೆ ಕಂಪನ ಅಲ್ಲೇ ಹೀರಿಹೋಗುತ್ತೆ, ಅದೇ ‘ದಪ್’. ಬಿಗಿಯಾಗಿ ಹಿಗ್ಗಿದ ತೆಳು ಗೋಡೆಯ ಹಿಂದೆ ಅನಿಲ, ಅದರ ಕೆಳಗೆ ದ್ರವ ಇದ್ದರೆ ಕಂಪನ ಸಿಕ್ಕಿಹಾಕಿಕೊಳ್ಳುತ್ತೆ. ದೇಹದ ಅಂಗಾಂಶದ ಧ್ವನಿ ಇಂಪೀಡೆನ್ಸ್ ಗಾಳಿಯದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಲೆಕ್ಕ ಹಾಕಿದರೆ ಆ ಗಡಿಯಲ್ಲಿ ಶಬ್ದಶಕ್ತಿಯ ಶೇ 99.9 ಭಾಗ ವಾಪಸ್ ಪ್ರತಿಫಲಿಸುತ್ತೆ. ಒಳಗೇ ಓಡಾಡುವ ಆ ಸದ್ದು ಲೋಹದ ಹಾಗೆ ಝಣ್ ಅನ್ನುತ್ತೆ. ಬಿಗಿ ಕಮ್ಮಿಯಾದರೆ ಸ್ವರ ಇಳಿಯುತ್ತೆ, ತಬಲಾ ಸಡಿಲವಾದ ಹಾಗೆ.

ಈ ವಿದ್ಯೆ ಹಸುವಿಗಿಂತ ಮೊದಲು ಮನುಷ್ಯರ ಮೇಲೆ ಬಂದದ್ದು. ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔವೆನ್‌ಬ್ರುಗ್ಗರ್ 1761ರಲ್ಲಿ ಎದೆಗೂಡನ್ನು ಬೆರಳಿನಿಂದ ತಟ್ಟಿ ಕಾಯಿಲೆ ಹಿಡಿಯುವ ಬಗ್ಗೆ ಪುಸ್ತಕ ಬರೆದ. ಅವನಪ್ಪ ಛತ್ರ ನಡೆಸುತ್ತಿದ್ದ, ಪೀಪಾಯಿ ತಟ್ಟಿ ಒಳಗೆ ಎಷ್ಟು ವೈನ್ ಉಳಿದಿದೆ ಅಂತ ನೋಡುವುದನ್ನು ಮಗ ಅಲ್ಲೇ ಕಲಿತ ಅಂತ ಹೇಳುತ್ತಾರೆ. ಸ್ಟೆತಸ್ಕೋಪ್ ಬಂದದ್ದು 1816ರಲ್ಲಿ, ಪ್ಯಾರಿಸ್ಸಿನ ಲೆನೆಕ್ ಕೈಯಲ್ಲಿ, ಮೊದಲಿಗೆ ಬರೀ ಸುತ್ತಿದ ಕಾಗದ. ಹಲಸಿನಹಣ್ಣು ತಟ್ಟಿ ನೋಡಿ ಕೊಳ್ಳುವ ನಮ್ಮ ಅಜ್ಜಿಯರು ಇವರಿಬ್ಬರ ಪುಸ್ತಕಕ್ಕೂ ಕಾಯಲಿಲ್ಲ ಬಿಡಿ.

ಎಲ್ಲಿ ತಟ್ಟಬೇಕು? ಸೊಂಟದ ಎದ್ದು ಕಾಣುವ ಮೂಳೆಯಿಂದ ಮುಂಗಾಲಿನ ಮೊಣಕೈಗೆ ಒಂದು ಗೆರೆ ಎಳೆದುಕೊಳ್ಳಿ. ಹಸುವಿಗೆ ಒಂದು ಬದಿಗೆ 13 ಪಕ್ಕೆಲುಬು. ಆ ಗೆರೆಯ ಮೇಲೆ, ಅಕ್ಕಪಕ್ಕ, ಒಂಬತ್ತರಿಂದ ಹದಿಮೂರನೇ ಪಕ್ಕೆಲುಬಿನವರೆಗೆ ತಟ್ಟುತ್ತಾ ಕೇಳಬೇಕು. ಟಿಂಗ್ ಬರುವ ಜಾಗದ ಅಂಚನ್ನು ಡಾಕ್ಟರು ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಮೊರದಷ್ಟು ಅಗಲದ ಒಂದು ನಕ್ಷೆ ಬಂತು. ಆಮೇಲೆ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಒತ್ತಿ ಬಿಟ್ಟಾಗ ಒಳಗೆ ಕೊಡದ ನೀರು ತುಳುಕಿದ ಸದ್ದು.

ಟಿಂಗ್ ಬಂದ ಮಾತ್ರಕ್ಕೆ ಕೊಯ್ಯೋ ಹಾಗಿಲ್ಲ. ರೂಮೆನ್‌ನಲ್ಲೇ ಅನಿಲ ತುಂಬಿದ್ದರೂ ಎಡಗಡೆ ಸದ್ದು ಬರಬಹುದು, ಆದರೆ ಅದು ಇಷ್ಟು ಚೂಪಾಗಿರಲ್ಲ, ಮೇಲ್ಭಾಗದಲ್ಲಿ, ಹಿಂದಿನ ಗುಳಿಯವರೆಗೂ ಹರಡಿರುತ್ತೆ. ಬಲಗಡೆಯಾದರೆ ದೊಡ್ಡ ಕರುಳಿನ ಗಾಳಿಯೂ ಹೀಗೇ ಮೋಸ ಮಾಡುತ್ತೆ. ಅನುಮಾನ ಇದ್ದಾಗ ಟಿಂಗ್ ಜಾಗದ ಕೆಳಗೆ ಪಕ್ಕೆಲುಬುಗಳ ನಡುವೆ ಉದ್ದ ಸೂಜಿ ಚುಚ್ಚಿ ಸ್ವಲ್ಪ ದ್ರವ ತೆಗೆದು ಪಿಎಚ್ ನೋಡುತ್ತಾರೆ. ರೂಮೆನ್ ಆದರೆ 6ರಿಂದ 7. ಅಬೊಮೇಸಮ್ ಆದರೆ 4ಕ್ಕಿಂತ ಕೆಳಗೆ. ಗೌರಿಯ ದ್ರವಕ್ಕೆ ಪಿಎಚ್ ಕಾಗದ ಕೆಂಪಾಯಿತು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ರೆಕಾರ್ಡ್ ತುಂಬಿಸಲು ಬಳಸಿದ ಅದೇ ಕಾಗದ.

ಡಾಕ್ಟರು ಎಡಗಡೆ ಮುಗಿಸಿ ಬಲಗಡೆಯೂ ಅಷ್ಟೇ ನಿಧಾನವಾಗಿ ಕೇಳಿದರು. ಸಿಕ್ಕಿತಲ್ಲ, ಇನ್ನೂ ಯಾಕೆ ಅಂತ ನಮಗೆ ಅನ್ನಿಸಿತು. ಅವರು ಹೇಳಿದರು: “ಎಡಕ್ಕೆ ಹೋಗಿದ್ರೆ ನಾಳೆ ಬೆಳಿಗ್ಗೆ ಆಪರೇಷನ್ ಮಾಡ್ಬಹುದು. ಬಲಕ್ಕೆ ಹೋಗಿ ತಿರುಚಿದ್ರೆ ನಾಳೆ ಬೆಳಿಗ್ಗೆ ಅನ್ನೋದೇ ಇಲ್ಲ.”

ಬಲಗಡೆಯದು ಬೇರೆಯೇ ಕಥೆ. ಅನಿಲ ತುಂಬಿದ ಹೊಟ್ಟೆ ಬಲಪಕ್ಕೆಯಲ್ಲೇ ಮೇಲೇರಿ, ಓಮೇಸಮ್ ಜೊತೆ ಸೇರುವ ಕತ್ತಿನ ಹತ್ತಿರ ತಿರುಗಿಬಿಡುತ್ತೆ, ಬಟ್ಟೆ ಹಿಂಡಿದ ಹಾಗೆ. ಒಳಹರಿವೂ ಬಂದ್, ಹೊರಹರಿವೂ ಬಂದ್, ರಕ್ತನಾಳವೂ ಬಿಗಿದುಹೋಗುತ್ತೆ. ನಿಜವಾದ ತಿರುಚಿದ ಹೊಟ್ಟೆ ಇದು. ಹಸು ಹುಲ್ಲನ್ನೂ ಬಿಡುತ್ತೆ, ಕಣ್ಣು ಗುಳಿ ಬೀಳುತ್ತೆ, ಕಿವಿ ತಣ್ಣಗೆ, ಎದೆಬಡಿತ ನಿಮಿಷಕ್ಕೆ 100 ದಾಟುತ್ತೆ, ಬಲಗಡೆ ಪಕ್ಕೆಲುಬಿನಿಂದ ಹಿಂದಿನ ಗುಳಿವರೆಗೂ ದೊಡ್ಡ ಟಿಂಗ್. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ತಡವಾದರೆ ಹೊಟ್ಟೆಯ ಗೋಡೆ ಕಪ್ಪಾಗಿರುತ್ತೆ. ಆಗ ಬಿಡಿಸಿದರೂ ಎಷ್ಟೋ ಹಸು ಬದುಕಲ್ಲ. ಗೌರಿಯ ಬಲಗಡೆ ಸದ್ದಿರಲಿಲ್ಲ. ಎದೆಬಡಿತ 76. ಅಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತರು.

ಒಂದು ತಪ್ಪು ಆಗಲೇ ನಡೆದುಹೋಗಿತ್ತು. ಹೊಟ್ಟೆ ಉಬ್ಬರ ಇರಬೇಕು ಅಂತ ಹಿಂದಿನ ದಿನ ಮನೆಯಲ್ಲಿ ಅಡುಗೆ ಸೋಡಾ ಕಲಸಿ ಕುಡಿಸಿದ್ದರು. ಹಿಂಡಿ, ಅಕ್ಕಿ ಜಾಸ್ತಿ ತಿಂದು ರೂಮೆನ್ ಹುಳಿಯಾದಾಗ ಸೋಡಾ ಸರಿಯಾದ ಮದ್ದು. ಇಲ್ಲಿ ಅದು ಉಲ್ಟಾ. ಹೊಟ್ಟೆಯ ಜೀವಕೋಶ ಒಂದು ಹೈಡ್ರೋಜನ್ ಅಯಾನು ಒಳಗೆ ಸುರಿಸಿದಾಗಲೆಲ್ಲ ಒಂದು ಬೈಕಾರ್ಬೊನೇಟ್ ರಕ್ತಕ್ಕೆ ಬಿಡುತ್ತೆ. ಮಾಮೂಲಿಯಾಗಿ ಆಮ್ಲ ಕರುಳಿಗಿಳಿದು ಲೆಕ್ಕ ಸಮವಾಗುತ್ತೆ. ಹೊಟ್ಟೆ ಸಿಕ್ಕಿಹಾಕಿಕೊಂಡರೆ ಆಮ್ಲವೂ ಕ್ಲೋರೈಡೂ ಅಲ್ಲೇ ಕೂಡಿಹಾಕಿದಂತೆ, ರಕ್ತ ಮಾತ್ರ ಕ್ಷಾರೀಯವಾಗುತ್ತಾ ಹೋಗುತ್ತೆ. ಅದಕ್ಕೇ ಮೇಲಿಂದ ಸೋಡಾ ಹಾಕಿದರೆ ಇನ್ನಷ್ಟು ಕ್ಷಾರ. ಬೇಕಾಗಿರುವುದು ಸೋಡಿಯಂ ಕ್ಲೋರೈಡ್ ಸಲೈನ್, ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ. ಕಂಟ್ರೋಲ್ ಸಿಸ್ಟಮ್ಸ್ ಇಷ್ಟಪಡುವವರಿಗೆ ಒಂದು ಸ್ವಾರಸ್ಯ: ರಕ್ತ ಕ್ಷಾರೀಯವಾದಾಗ ಮೂತ್ರವೂ ಕ್ಷಾರೀಯ ಆಗಬೇಕಲ್ವಾ? ಕಾಯಿಲೆ ಬಲಿತ ಹಸುವಿನಲ್ಲಿ ಮೂತ್ರ ಆಮ್ಲೀಯವಾಗಿರುತ್ತೆ. ನೀರಿನಂಶ ಕಮ್ಮಿಯಾಗಿದೆ, ಹೇಗಾದರೂ ಸೋಡಿಯಂ ಉಳಿಸಬೇಕು ಅಂತ ಮೂತ್ರಪಿಂಡ ಹೊರಟಿರುತ್ತೆ. ಕ್ಲೋರೈಡ್, ಪೊಟ್ಯಾಸಿಯಂ ಕೈಯಲ್ಲಿ ಇಲ್ಲದ್ದರಿಂದ ಹೈಡ್ರೋಜನ್ ಅಯಾನನ್ನೇ ಕೊಟ್ಟು ಸೋಡಿಯಂ ವಾಪಸ್ ತಗೊಳ್ಳುತ್ತೆ. ಎರಡು ಸೆಟ್‌ಪಾಯಿಂಟ್‌ಗಳ ಜಗಳದಲ್ಲಿ ಪಿಎಚ್ ಸೋಲುತ್ತೆ.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಆಪರೇಷನ್, ಕೊಟ್ಟಿಗೆಯ ಮುಂದೆಯೇ, ಹಸು ನಿಂತಿದ್ದ ಹಾಗೆಯೇ. ಮಲಗಿಸಿ ಪೂರ್ತಿ ಮತ್ತು ಬರಿಸಿದರೆ ರೂಮೆನ್‌ನಲ್ಲಿ ಅನಿಲ ಉಬ್ಬುವ, ಮೇವು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುವ ಅಪಾಯ. ನಿಂತ ಹಸುವಿನಲ್ಲಿ ಗುರುತ್ವವೂ ಸಹಾಯಕ್ಕಿರುತ್ತೆ. ಎಡಕ್ಕೆ ಹೋದ ಹೊಟ್ಟೆಗೆ ಬಲಪಕ್ಕೆಯಲ್ಲಿ ಕೂದಲು ಬೋಳಿಸಿದ್ದು ನೋಡಿ ನಮ್ಮಲ್ಲೊಬ್ಬ “ಸಾರ್, ಆ ಕಡೆ ಅಲ್ವಾ?” ಅಂದೇಬಿಟ್ಟ. ಡಾಕ್ಟರು ನಕ್ಕರು. ವಾಪಸ್ ತಂದ ಮೇಲೆ ಕಟ್ಟಿಹಾಕಬೇಕಾದ್ದು ಬಲಗಡೆ ತಾನೇ.

ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನೆಲುಬಿನ ಕೆಳಗೆ, ತಲೆಕೆಳಗಾದ ‘ಎಲ್’ ಆಕಾರದಲ್ಲಿ ಶೇ 2ರ ಲಿಗ್ನೊಕೇನ್ ಚುಚ್ಚಿ ಆ ಭಾಗ ಮರಗಟ್ಟಿಸಿದರು. ಗೇಣುದ್ದದ ನೇರ ಸೀಳು. ಚರ್ಮ, ಆಮೇಲೆ ಮೂರು ಪದರ ಸ್ನಾಯು, ಒಂದೊಂದರ ಎಳೆ ಒಂದೊಂದು ದಿಕ್ಕಿಗೆ, ಪ್ಲೈವುಡ್ಡಿನ ಹಾಗೆ. ಕೊನೆಗೆ ಹೊಳೆಯುವ ಒಳಪೊರೆ ಕತ್ತರಿಸಿದಾಗ ‘ಸುಯ್’ ಅಂತ ಗಾಳಿ ಒಳಗೆಳೆದುಕೊಂಡಿತು. ಡಾಕ್ಟರು ಉದ್ದ ಗ್ಲೌಸ್ ಹಾಕಿದ ಎಡಗೈಯನ್ನು ಭುಜದವರೆಗೂ ಒಳಗೆ ತೂರಿಸಿ, ರೂಮೆನ್‌ನ ಹಿಂದಿನಿಂದ ಸುತ್ತಿ ಎಡಪಕ್ಕೆ ಮುಟ್ಟಿದರು. ಕಣ್ಣು ಎಲ್ಲೋ, ಕೈ ಎಲ್ಲೋ. ಇಡೀ ಕೆಲಸ ಸ್ಪರ್ಶದ ಮೇಲೇ. ಅಂಗೈಯಲ್ಲಿ ಮುಚ್ಚಿಕೊಂಡು ಹೋದ ದಪ್ಪ ಸೂಜಿಗೆ ಉದ್ದದ ರಬ್ಬರ್ ನಳಿಗೆ ಜೋಡಿಸಿತ್ತು. ಅದನ್ನು ಬಲೂನಿನ ನೆತ್ತಿಗೆ ಚುಚ್ಚಿದಾಗ ನಳಿಗೆಯ ತುದಿಯಿಂದ ಬಂದ ವಾಸನೆ ನಮ್ಮಲ್ಲಿಬ್ಬರನ್ನು ಅಂಗಳಕ್ಕೆ ಓಡಿಸಿತು.

ಗಾಳಿ ಹೋದ ಹೊಟ್ಟೆ ತಾನೇ ಕೆಳಗಿಳಿಯುತ್ತೆ. ಆಮೇಲೆ ಕೈಯನ್ನು ರೂಮೆನ್‌ನ ಅಡಿಗೆ ತಂದು ಒಮೆಂಟಮ್ ಹಿಡಿದು ನಿಧಾನವಾಗಿ, ಬಾವಿಯಿಂದ ಹಗ್ಗ ಎಳೆದ ಹಾಗೆ, ಬಲಕ್ಕೆ ಎಳೆಯುತ್ತಾ ಹೋಗಬೇಕು. ಅಬೊಮೇಸಮ್ ಮುಗಿದು ಕರುಳು ಶುರುವಾಗುವ ಕಡೆ ಒಮೆಂಟಮ್ ಮಡಿಕೆಯಾಗಿ ದಪ್ಪಗಿರುತ್ತೆ. ಶಸ್ತ್ರವೈದ್ಯರು ಇದಕ್ಕೆ ‘ಹಂದಿ ಕಿವಿ’ ಅಂತಲೇ ಹೆಸರಿಟ್ಟಿದ್ದಾರೆ. ಅದು ಸೀಳಿನ ಬಾಯಿಗೆ ಬಂತು ಅಂದರೆ ಹೊಟ್ಟೆ ಮನೆಗೆ ಬಂತು. ಆ ಒಮೆಂಟಮ್ಮನ್ನು ಒಳಪೊರೆ ಮತ್ತು ಸ್ನಾಯುವಿನ ಜೊತೆ ಸೇರಿಸಿ ಹೊಲಿದು ಸೀಳು ಮುಚ್ಚುತ್ತಾರೆ. ಇದಕ್ಕೆ ಒಮೆಂಟೊಪೆಕ್ಸಿ ಅಂತ ಹೆಸರು.

ನಾವು ಕೇಳಿದ ಪ್ರಶ್ನೆ: ಹೊಲಿಗೆ ದಾರ ಎಷ್ಟು ದಿನ ಭಾರ ತಡೆಯುತ್ತೆ? ಉತ್ತರ ನಾವು ಎಣಿಸಿದ್ದಲ್ಲ. ದಾರ ಬರೀ ಕ್ಲ್ಯಾಂಪ್ ಇದ್ದ ಹಾಗೆ. ಕೆಲವು ವಾರದಲ್ಲಿ ಗಾಯ ಮಾಯುವಾಗ ಒಮೆಂಟಮ್ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಬೆಸುಗೆಯಾಗುತ್ತೆ. ಆಮೇಲೆ ಹಿಡಿದಿಡೋದು ಆ ಬೆಸುಗೆ. ತುಂಬಾ ಕೊಬ್ಬಿದ ಹಸುವಿನಲ್ಲಿ ಒಮೆಂಟಮ್ ಬೆಣ್ಣೆಯ ಹಾಗೆ ಹರಿಯುತ್ತೆ, ಅಂಥಲ್ಲಿ ಹೊಟ್ಟೆಯ ಗೋಡೆಯನ್ನೇ ಹಿಡಿದು ಹೊಲಿಯುವ ವಿಧಾನಗಳಿವೆ. ಆಗ ಸೂಜಿ ಗೋಡೆ ದಾಟಿ ಒಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು, ಇಳಿದರೆ ಆಮ್ಲ ಸೋರಬಹುದು.

ಕೊಯ್ಯದೆ ಮಾಡುವುದೂ ಉಂಟು. ಹಸುವನ್ನು ಬಲಮಗ್ಗುಲಿಗೆ ಕೆಡವಿ, ಅಂಗಾತ ಹೊರಳಿಸಿ, ಅಲುಗಿಸಿ ಎಡಕ್ಕೆ ತಿರುಗಿಸಿದರೆ ಬಲೂನು ತೇಲಿ ತನ್ನ ಜಾಗಕ್ಕೆ ಬರುತ್ತೆ. ಖರ್ಚಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಹಸುಗಳಲ್ಲಿ ಮತ್ತೆ ಹೋಗುತ್ತೆ. 1982ರಲ್ಲಿ ಗ್ರಿಮರ್ ಮತ್ತು ಸ್ಟರ್ನರ್ ಇದಕ್ಕೊಂದು ಜಾಣ ಸೇರ್ಪಡೆ ಪ್ರಕಟಿಸಿದರು: ಅಂಗಾತ ಇರುವಾಗಲೇ ಹೊಟ್ಟೆಯ ತಳದಿಂದ ಕೊಳವೆ ಚುಚ್ಚಿ, ದಾರ ಕಟ್ಟಿದ ಎರಡು ಸಣ್ಣ ಪ್ಲಾಸ್ಟಿಕ್ ಕಡ್ಡಿಗಳನ್ನು ಅಬೊಮೇಸಮ್ ಒಳಗೆ ಬಿಟ್ಟು, ಎರಡು ದಾರಗಳನ್ನು ಹೊರಗೆ ಗಂಟು ಹಾಕುವುದು. ಅಂಗಿಯ ಗುಂಡಿ ಕಾಜದ ತತ್ತ್ವ. ಕೆಲವೇ ನಿಮಿಷದ ಕೆಲಸ. ಕುರುಡಾಗಿ ಚುಚ್ಚುವುದರಿಂದ ಬೇರೆ ಅಂಗ ಸಿಕ್ಕರೆ ಮಾತ್ರ ಕೇಡು. ಬಲಗಡೆ ತಿರುಚಿದ ಹಸುವಿಗೆ ಇವೆರಡೂ ಖಂಡಿತ ಕೂಡದು.

ಗೌರಿಯ ಆಪರೇಷನ್ ಒಂದೂವರೆ ಗಂಟೆ ಹಿಡಿಯಿತು. ಕೊನೆಯ ಹೊಲಿಗೆ ಹಾಕುವ ಹೊತ್ತಿಗೆ ಅವಳು ಕಂಬದ ಹತ್ತಿರ ಬಿದ್ದಿದ್ದ ರಾಗಿಹುಲ್ಲಿಗೆ ನಾಲಿಗೆ ಚಾಚುತ್ತಿದ್ದಳು. ಆಂಟಿಬಯಾಟಿಕ್ ಇರುವ ದಿನಗಳ ಹಾಲು ಡೈರಿಗೆ ಹಾಕಬಾರದು ಅಂತ ಡಾಕ್ಟರು ಎರಡು ಸಲ ಹೇಳಿದರು. ಹಿಂಡಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಉದ್ದ ಹುಲ್ಲು ಯಾವಾಗಲೂ ಮುಂದಿರಲಿ, ಮುಂದಿನ ಸಲ ಗಬ್ಬದಲ್ಲಿ ಮೈ ತುಂಬಾ ಬರದ ಹಾಗೆ ನೋಡಿಕೊಳ್ಳಿ ಅಂತಲೂ ಹೇಳಿದರು. ನಿಮ್ಮ ಮನೆಯಲ್ಲೂ ಕರು ಹಾಕಿದ ಹಸು ಹಿಂಡಿ ಬಿಟ್ಟು ಹುಲ್ಲು ಮಾತ್ರ ತಿನ್ನುತ್ತಿದ್ದರೆ “ಹೊಟ್ಟೆ ಜಾಗ ಬಿಟ್ಟಿರಬಹುದಾ, ತಟ್ಟಿ ನೋಡ್ತೀರಾ ಸಾರ್” ಅಂತ ಕೇಳಿ. ಪಶು ಸಂಜೀವಿನಿ ಸಹಾಯವಾಣಿ 1962.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಅಷ್ಟರಲ್ಲಿ ನಮಗೆ ಕಾಲೇಜು ಶುರುವಾಗಿತ್ತು. ಗೆಳೆಯನ ಅಮ್ಮ ಫೋನಿನಲ್ಲಿ ಹೇಳಿದ ಲೆಕ್ಕ: ಬೆಳಿಗ್ಗೆ ಏಳೂವರೆ, ಸಂಜೆ ಏಳು ಲೀಟರ್.